ಅಣ್ಣ ಸೂಪರ್‌ವೈಸರ್, ನಾನು ಪಿಕರ್: ಯೂನಿಯನ್ ಫಾರಂಗೆ ಸಹಿ ಹಾಕಲೇ?

ಪ್ರಶ್ನೆ: ಮೂರು ವರ್ಷದಿಂದ ಒಂದು ದೊಡ್ಡ ವೇರ್‌ಹೌಸ್‌ನಲ್ಲಿ ಪಿಕಿಂಗ್, ಅಂದರೆ ಆರ್ಡರ್ ಬಂದ ಐಟಂಗಳನ್ನು ಶೆಲ್ಫಿನಿಂದ ಆರಿಸಿ ತೆಗೆಯುವ ಕೆಲಸ ಮಾಡುತ್ತಿದ್ದೇನೆ. ಸಂಬಳ ಕೊಡುವುದು ಕಂಪನಿಯಲ್ಲ, ಏಜೆನ್ಸಿ. ಆರು ತಿಂಗಳಿಗೊಮ್ಮೆ ಕಾಂಟ್ರ್ಯಾಕ್ಟ್ ಮುಂದುವರಿಸುತ್ತಾರೆ. ನಾನು ಸೇರಿದಾಗ ಗಂಟೆಗೆ 95 ಐಟಂ ಇದ್ದ ಟಾರ್ಗೆಟ್ ಈಗ 120 ಆಗಿದೆ. ಪದೇಪದೇ ಶೌಚಾಲಯಕ್ಕೆ ಹೋಗಬೇಕಾಗುತ್ತದೆ ಅಂತ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದೇನೆ. ಸೊಂಟನೋವು ಶುರುವಾಗಿದೆ. ನಮ್ಮ ಶಿಫ್ಟಿನ 90 ಜನರಲ್ಲಿ 40 ಜನ ಯೂನಿಯನ್ ಸೇರಲು ಸಹಿ ಹಾಕಿದ್ದಾರೆ, ನನ್ನನ್ನೂ ಕರೆಯುತ್ತಿದ್ದಾರೆ. ಆದರೆ ಈ ಕೆಲಸ ಕೊಡಿಸಿದ್ದು ನನ್ನ ದೊಡ್ಡಮ್ಮನ ಮಗ. ಅವನೇ ನಮ್ಮ ಶಿಫ್ಟಿನ ಸೂಪರ್‌ವೈಸರ್. ‘ಸಹಿ ಹಾಕಿದರೆ ಮುಂದಿನ ಸಲ ನಿನ್ನ ಕಾಂಟ್ರ್ಯಾಕ್ಟ್ ಮುಂದುವರಿಯಲ್ಲ, ನನ್ನ ಮರ್ಯಾದೆಯೂ ಹೋಗುತ್ತೆ’ ಅಂತಾನೆ. ಯೂನಿಯನ್ ಸೇರಿದರೆ ನಿಜಕ್ಕೂ ಉಪಯೋಗ ಇದೆಯಾ? ಅಣ್ಣನಿಗೆ ದ್ರೋಹ ಮಾಡಿದಂತಾಗುತ್ತಾ?
– ಹೆಸರು ಬೇಡ

ಪ್ರಿಯ ಸೋದರಿ,

ಮೊದಲು ನೀರು ಕುಡಿಯಿರಿ. ಯೂನಿಯನ್ ವಿಷಯ ಆಮೇಲೆ. ಸೆಕೆಯಲ್ಲಿ ಮೈಮುರಿದು ದುಡಿಯುವವರು 15–20 ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ ಸುಮಾರು 240 ಮಿ.ಲೀ. ನೀರು ಕುಡಿಯಬೇಕು ಎನ್ನುವುದು ಔದ್ಯೋಗಿಕ ಆರೋಗ್ಯ ತಜ್ಞರ ಸಲಹೆ. ನೀರು ಬಿಟ್ಟರೆ ತಲೆಸುತ್ತು, ಸ್ನಾಯು ಸೆಳೆತ, ಮೂತ್ರದ ಸೋಂಕು ಎಲ್ಲವೂ ಬರುತ್ತವೆ. ಟಾರ್ಗೆಟ್‌ಗೆ ಹೆದರಿ ದೇಹವನ್ನು ಒಣಗಿಸಿಕೊಳ್ಳುವ ಸ್ಥಿತಿಗೆ ನೀವು ಬಂದಿದ್ದೀರಿ ಎನ್ನುವುದೇ ನಿಮ್ಮ ಮೊದಲ ಪ್ರಶ್ನೆಗೆ ಅರ್ಧ ಉತ್ತರ.

ಸೇರಿ ಎನ್ನುವುದೇ ನಮ್ಮ ಸಲಹೆ. ಆದರೆ ಈ ವಾರವೇ ಬೇಡ. ಯಾಕೆ ಸೇರಬೇಕು, ಯಾಕೆ ಸ್ವಲ್ಪ ತಡೆಯಬೇಕು, ಎರಡನ್ನೂ ಹೇಳುತ್ತೇವೆ.

ನಿಮ್ಮ ಟಾರ್ಗೆಟ್ ಲೆಕ್ಕವನ್ನೇ ಬಿಡಿಸಿ ನೋಡೋಣ. ಗಂಟೆಗೆ 95 ಎಂದರೆ ಒಂದು ಐಟಂಗೆ ಸುಮಾರು 38 ಸೆಕೆಂಡ್. 120 ಎಂದರೆ 30 ಸೆಕೆಂಡ್. ಒಂದು ಬಿನ್‌ನಿಂದ (ಐಟಂ ಇಡುವ ಡಬ್ಬಿಯಿಂದ) ಇನ್ನೊಂದಕ್ಕೆ ಸರಾಸರಿ 20 ಮೀಟರ್ ಇದೆ ಎಂದುಕೊಳ್ಳಿ. ಚುರುಕಾಗಿ ನಡೆದರೂ 15 ಸೆಕೆಂಡ್ ಬೇಕು. ಟಾರ್ಗೆಟ್ ಎಷ್ಟೇ ಏರಿದರೂ ರ‍್ಯಾಕ್‌ಗಳ ನಡುವಿನ ದೂರ ಕಡಿಮೆಯಾಗುವುದಿಲ್ಲ. ಹಾಗಾಗಿ ಕಡಿತ ಬೀಳುವುದೆಲ್ಲ ನಿಮ್ಮ ಕೈಕೆಲಸದ ಮೇಲೆ: ಬಗ್ಗುವುದು, ಹುಡುಕುವುದು, ಸ್ಕ್ಯಾನ್ ಮಾಡುವುದು, ಎತ್ತುವುದು, ಟ್ರಾಲಿಗೆ ಇಡುವುದು. ಇಷ್ಟಕ್ಕೂ ಮೊದಲು 23 ಸೆಕೆಂಡ್ ಸಿಗುತ್ತಿತ್ತು, ಈಗ 15. ಹಾಳೆಯ ಮೇಲೆ ಟಾರ್ಗೆಟ್ ಏರಿದ್ದು ಕಾಲು ಭಾಗ, ನಿಮ್ಮ ಕೈಗೆ ಸಿಗುವ ಸಮಯ ಇಳಿದಿದ್ದು ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಸೊಂಟ ನೋಯದೆ ಇನ್ನೇನು? ಇನ್ನು ಶೌಚಾಲಯಕ್ಕೆ ಹೋಗಿಬರಲು 8 ನಿಮಿಷ ಹಿಡಿಯಿತು ಎನ್ನಿ. ಅಲ್ಲಿಗೆ 16 ಐಟಂ ಹೋಯಿತು. ಅದನ್ನು ಅದೇ ಗಂಟೆಯಲ್ಲಿ ತುಂಬಿಸಬೇಕೆಂದರೆ ಉಳಿದ 52 ನಿಮಿಷದಲ್ಲಿ ಒಂದೊಂದಕ್ಕೆ 26 ಸೆಕೆಂಡ್. ನಡಿಗೆ ಕಳೆದರೆ ಕೈಗೆ ಉಳಿಯುವುದು 11. ನೀವು ನೀರು ಬಿಟ್ಟಿದ್ದು ನಿಮ್ಮ ದೌರ್ಬಲ್ಯದಿಂದಲ್ಲ, ಈ ಲೆಕ್ಕದಿಂದ.

ವೇರ್‌ಹೌಸ್‌ನಲ್ಲಿ ಯೂನಿಯನ್ನಿನಿಂದ ಆಗುವ ದೊಡ್ಡ ಉಪಯೋಗ ಇರುವುದು ಇಲ್ಲೇ. ಎಲ್ಲರೂ ಮೊದಲು ಕೇಳುವುದು ಸಂಬಳ ಏರುತ್ತದಾ ಎಂದು. ಏರಬಹುದು, ಆದರೆ ಅದು ನಿಧಾನದ ಮಾತು. ಟಾರ್ಗೆಟ್ ಅಳೆಯುವ ಕ್ರಮವನ್ನು ಬದಲಿಸುವುದು ಅದಕ್ಕಿಂತ ಮುಖ್ಯ. ಯೂನಿಯನ್ ಕಂಪನಿ ಜೊತೆ ಮಾಡಿಕೊಳ್ಳುವ ಒಳ್ಳೆಯ ಒಪ್ಪಂದದಲ್ಲಿ ಎಂಥ ಮಾತುಗಳಿರುತ್ತವೆ ನೋಡಿ: ಟಾರ್ಗೆಟ್ಟನ್ನು ಗಂಟೆಗೆ ಅಳೆಯುವಂತಿಲ್ಲ, ಇಡೀ ಶಿಫ್ಟಿನ ಅಥವಾ ವಾರದ ಸರಾಸರಿ ನೋಡಬೇಕು. ಸ್ಕ್ಯಾನರ್ ಹ್ಯಾಂಗ್ ಆದದ್ದು, ಬಿನ್ ಖಾಲಿ ಇದ್ದದ್ದು, ಟ್ರಾಲಿಗೆ ಕಾದದ್ದು, ಶೌಚಾಲಯ, ನೀರು, ಇವಾವುದೂ ಕೆಲಸಗಾರರ ಲೆಕ್ಕಕ್ಕೆ ಬೀಳಬಾರದು. ಭಾರದ ಐಟಂ ಬರುವ ಸಾಲಿಗೆ ಬೇರೆ ಟಾರ್ಗೆಟ್ ಇರಬೇಕು. ಟಾರ್ಗೆಟ್ ಬದಲಿಸುವ ಮುನ್ನ ಬರಹದಲ್ಲಿ ತಿಳಿಸಬೇಕು. ಇವನ್ನು ನೀವೊಬ್ಬರೇ ಹೋಗಿ ಕೇಳಿದರೆ ಯಾರೂ ಕೊಡುವುದಿಲ್ಲ. ನಿಮ್ಮ ಅಣ್ಣನೂ ಕೊಡಲಾರರು. ಸಾಮಾನ್ಯವಾಗಿ ಆ ಸಂಖ್ಯೆ ಮೇಲಿನಿಂದ, ಸಾಫ್ಟ್‌ವೇರ್ ಮೂಲಕ ಇಳಿದುಬರುತ್ತದೆ. ಅದನ್ನು ತಿದ್ದುವ ಅಧಿಕಾರ ಶಿಫ್ಟ್ ಸೂಪರ್‌ವೈಸರ್‌ಗೆ ಇರುವುದು ಅಪರೂಪ.

ಇದು ಹಗಲುಗನಸಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2022ರ ಜನವರಿ 1ರಿಂದ ದೊಡ್ಡ ವೇರ್‌ಹೌಸ್‌ಗಳು ಟಾರ್ಗೆಟ್ಟನ್ನು ಕೆಲಸಗಾರರಿಗೆ ಬರಹದಲ್ಲಿ ಕೊಡಲೇಬೇಕು. ಊಟದ ವಿರಾಮಕ್ಕೆ, ಶೌಚಾಲಯಕ್ಕೆ ಅಡ್ಡಿಯಾಗುವ ಟಾರ್ಗೆಟ್ ಅಲ್ಲಿ ಕಾನೂನುಬಾಹಿರ. ತಮ್ಮ ಹಿಂದಿನ 90 ದಿನಗಳ ವೇಗದ ದಾಖಲೆಯನ್ನೂ ಕೆಲಸಗಾರರು ಕೇಳಿ ಪಡೆಯಬಹುದು. ಕಾರ್ಮಿಕ ಸಂಘಟನೆಗಳು ಪಟ್ಟು ಹಿಡಿದು ತಂದ ಕಾನೂನು ಇದು.

ಸೊಂಟದ ವಿಷಯಕ್ಕೆ ಬರೋಣ. ಭಾರ ಎತ್ತುವುದಕ್ಕೆ ಅಮೆರಿಕದ ಔದ್ಯೋಗಿಕ ಸುರಕ್ಷಾ ಸಂಸ್ಥೆ ನಿಯೋಷ್ ರೂಪಿಸಿದ ಸೂತ್ರವೊಂದಿದೆ, ಬೇರೆ ದೇಶಗಳಲ್ಲೂ ಬಳಕೆಯಲ್ಲಿದೆ. ಎಲ್ಲ ಅನುಕೂಲ ಇದ್ದಾಗ ಅದರ ಮಿತಿ 23 ಕೆ.ಜಿ. ಅನುಕೂಲ ಎಂದರೆ ವಸ್ತು ನೆಲದಿಂದ 75 ಸೆಂ.ಮೀ. ಎತ್ತರದಲ್ಲಿ, ಮೈಯಿಂದ 25 ಸೆಂ.ಮೀ. ಒಳಗಿರಬೇಕು. ಅದೇ ವಸ್ತು 50 ಸೆಂ.ಮೀ. ಮುಂದಿದ್ದರೆ ಮಿತಿ ಅರ್ಧಕ್ಕಿಳಿದು 11.5 ಕೆ.ಜಿ. ಆಗುತ್ತದೆ. ಜೊತೆಗೆ ಅದು ನೆಲಕ್ಕೇ ತಾಗಿದ್ದರೆ ಸುಮಾರು 9 ಕೆ.ಜಿ. ಮೈ ತಿರುಚಿ ಎತ್ತಿದರೆ, ಪದೇಪದೇ ಎತ್ತಿದರೆ ಇನ್ನೂ ಕಡಿಮೆ. ನಿಮ್ಮ ವೇರ್‌ಹೌಸ್‌ನಲ್ಲಿ ಕೆಳಗಿನ ಶೆಲ್ಫಿನ ಒಳಮೂಲೆಯಲ್ಲಿ ಏನಿಡುತ್ತಾರೆ, ಎಷ್ಟು ತೂಕದ್ದು ಎಂದು ಒಂದು ವಾರ ಗಮನಿಸಿ. ಭಾರದ ಸಾಮಾನು ಸೊಂಟದ ಎತ್ತರದ ಶೆಲ್ಫಿಗೆ ಬರಲಿ ಎನ್ನುವ ಬೇಡಿಕೆಗೆ ಕಂಪನಿಗೆ ಹೆಚ್ಚು ಖರ್ಚಿಲ್ಲ. ಹಾಗಾಗಿ ಹೊಸ ಯೂನಿಯನ್‌ಗಳು ಮೊದಲು ಗೆಲ್ಲಬಹುದಾದ ಬೇಡಿಕೆ ಇಂಥದ್ದೇ. ವೈದ್ಯರಿಗೆ ತೋರಿಸುವಾಗ ‘ಸೊಂಟನೋವು’ ಎಂದಷ್ಟೇ ಹೇಳಬೇಡಿ. ಯಾವ ಕೆಲಸ, ದಿನಕ್ಕೆ ಎಷ್ಟು ಸಲ ಬಗ್ಗುತ್ತೀರಿ ಎನ್ನುವುದನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ. ಮುಂದೆ ಪರಿಹಾರ ಕೇಳುವಾಗ ಆ ಒಂದು ಸಾಲು ಇಲ್ಲದೆ ಎಷ್ಟೋ ಅರ್ಜಿಗಳು ಬಿದ್ದುಹೋಗುತ್ತವೆ.

ಈಗ ಯಾಕೆ ತಡೆಯಬೇಕು ಎನ್ನುವುದು. ಸದಸ್ಯತ್ವದ ಚೀಟಿಯಿಂದ ಏನೂ ಬದಲಾಗುವುದಿಲ್ಲ. ಬದಲಾಗುವುದು ಸಹಿಯಾದ ಒಪ್ಪಂದದಿಂದ, ಅದಕ್ಕೆ ಸಂಖ್ಯೆ ಬೇಕು. ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್‌ನಲ್ಲಿ ಅಮೆಜಾನ್ ವೇರ್‌ಹೌಸ್‌ನ ಕೆಲಸಗಾರರು 2022ರ ಏಪ್ರಿಲ್‌ನಲ್ಲಿ ಯೂನಿಯನ್ ಬೇಕೇ ಬೇಡವೇ ಎಂಬ ಮತದಾನವನ್ನು 2,654–2,131 ಮತಗಳಿಂದ ಗೆದ್ದರು. ಕಂಪನಿ ಆ ಫಲಿತಾಂಶವನ್ನೇ ಪ್ರಶ್ನಿಸಿತು. ಎರಡು ವರ್ಷ ಕಳೆದರೂ ಒಪ್ಪಂದ ಕೈಗೆ ಬಾರದೆ, 2024ರಲ್ಲಿ ಅವರು ಟೀಮ್‌ಸ್ಟರ್ಸ್ ಎಂಬ ದೊಡ್ಡ ಯೂನಿಯನ್ ಜೊತೆ ಸೇರಿದರು. ಅದೇ ವರ್ಷ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಅದೇ ಕಂಪನಿಯ ವೇರ್‌ಹೌಸ್‌ನಲ್ಲಿ ಯೂನಿಯನ್ ಪರ ಬಿದ್ದ ಮತ ಶೇ 49.5. ಕೂದಲೆಳೆಯಲ್ಲಿ ಸೋತರು. ನಿಮ್ಮ ಶಿಫ್ಟಿನ 90ರಲ್ಲಿ 40 ಎಂದರೆ ಅರ್ಧಕ್ಕೂ ಇಲ್ಲ. ಬೇರೆ ಶಿಫ್ಟುಗಳ ಕಥೆ ಏನು? ಅದನ್ನು ಕೇಳಿ ತಿಳಿದುಕೊಳ್ಳಿ. ಸಹಿ ಹಾಕಿದವರಲ್ಲಿ ಶೇ 10–15ರಷ್ಟು ಜನ ಒತ್ತಡ ಬಂದಾಗ ಹಿಂದೆ ಸರಿದರೂ ಬಹುಮತ ಉಳಿಯಬೇಕು. ಆದ್ದರಿಂದ ಮೂರರಲ್ಲಿ ಎರಡು ಭಾಗ, ಅಂದರೆ ನಿಮ್ಮಲ್ಲಿ 60 ಜನ ಆಗುವ ಮುನ್ನ ಹೆಸರು ಬಹಿರಂಗವಾಗದಂತೆ ನೋಡಿಕೊಳ್ಳುವುದು ಕ್ಷೇಮ.

ನಿಮ್ಮದು ಏಜೆನ್ಸಿ ಕೆಲಸ ಎನ್ನುವುದು ಇಲ್ಲಿನ ನಿಜವಾದ ಗಂಟು. ಕಾಯಂ ನೌಕರರನ್ನು ಯೂನಿಯನ್ ಕಾರಣಕ್ಕೆ ತೆಗೆದರೆ ಅದನ್ನು ವಜಾ ಎಂದು ಪ್ರಶ್ನಿಸಬಹುದು. ನಿಮ್ಮ ಕಾಂಟ್ರ್ಯಾಕ್ಟ್ ಸುಮ್ಮನೆ ಮುಂದುವರಿಯದೆ ಹೋದರೆ ಅದಕ್ಕೆ ವಜಾ ಎಂಬ ಹೆಸರೇ ಇರುವುದಿಲ್ಲ. ಅಣ್ಣ ಹೆದರಿಸುತ್ತಿರುವುದು ಪೂರ್ತಿ ಸುಳ್ಳಲ್ಲ. ಯೂನಿಯನ್ ಸದಸ್ಯರೆಂಬ ಕಾರಣಕ್ಕೆ ಕೆಲಸಗಾರರಿಗೆ ತೊಂದರೆ ಕೊಡಬಾರದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1949ರ 98ನೇ ಒಡಂಬಡಿಕೆ ಹೇಳುತ್ತದೆ, ಬಹಳಷ್ಟು ದೇಶಗಳ ಕಾನೂನೂ ಹಾಗೇ ಇದೆ. ಆದರೆ ಕಾನೂನಿನ ರಕ್ಷಣೆ ಸಿಗುವುದು ಕೆಲಸ ಹೋದ ಮೇಲೆ, ಅದೂ ತಿಂಗಳುಗಟ್ಟಲೆ ಅಲೆದ ಮೇಲೆ. ಹಾಗಾಗಿ ಸಂಘದವರನ್ನು ನೇರವಾಗಿ ಕೇಳಿ: ಏಜೆನ್ಸಿಯವರಿಗೂ ಕಾಯಂ ನೌಕರರಷ್ಟೇ ಮತದ ಹಕ್ಕಿದೆಯಾ? ಮಾತುಕತೆಗೆ ಕೂರುವುದು ಏಜೆನ್ಸಿ ಜೊತೆಗಾ, ವೇರ್‌ಹೌಸ್ ಕಂಪನಿ ಜೊತೆಗಾ? ಕಾಂಟ್ರ್ಯಾಕ್ಟ್ ನಿಂತರೆ ವಕೀಲರ ಖರ್ಚು ಯಾರದು? ಬೇರೆ ಕಡೆ ಮಾಡಿದ ಒಪ್ಪಂದದ ಪ್ರತಿ ತೋರಿಸುತ್ತೀರಾ? ನಮ್ಮ ಶಿಫ್ಟಿಗೆ ಪ್ರತಿನಿಧಿ ಯಾರು, ಆರಿಸಿದ್ದು ಯಾರು? ಚಂದಾ ಎಷ್ಟು, ಲೆಕ್ಕಪತ್ರ ವರ್ಷಕ್ಕೊಮ್ಮೆ ಸಭೆಯ ಮುಂದಿಡುತ್ತೀರಾ? ಚಂದಾ ಸಂಬಳದ ಶೇ 1ರಷ್ಟಿದ್ದರೆ, ತಿಂಗಳಿಗೆ 26 ದಿನ, 8 ಗಂಟೆಯ ಲೆಕ್ಕದಲ್ಲಿ ಅದು ನಿಮ್ಮ ಎರಡು ಗಂಟೆಯ ದುಡಿಮೆ. ಒಪ್ಪಂದದ ಪ್ರತಿ ಕೇಳಿದಾಗ ಜಾರಿಕೊಂಡರೆ ಆ ಎರಡು ಗಂಟೆಯನ್ನೂ ಕೊಡಬೇಡಿ.

ಈ ಉತ್ತರಗಳಿಗೆ ಕಾಯುವ ದಿನಗಳಲ್ಲಿ ಒಂದು ನೋಟ್‌ಬುಕ್ ಇಡಿ. ಪ್ರತಿ ಶಿಫ್ಟ್ ಮುಗಿದ ಮೇಲೆ ಹೊರಗೆ ಬಂದು ತಾರೀಖು, ಟಾರ್ಗೆಟ್, ಮಾಡಿದ ಐಟಂ, ಸ್ಕ್ಯಾನರ್ ನಿಂತ ನಿಮಿಷಗಳು, ಯಾರು ಏನಂದರು, ಇಷ್ಟನ್ನು ಬರೆಯಿರಿ. ವರ್ಷಗಟ್ಟಲೆ ಸರಿಯಾಗಿದ್ದ ‘ಪರ್ಫಾರ್ಮೆನ್ಸ್’ ಸಹಿ ಹಾಕಿದ ಮೇಲೆ ದಿಢೀರನೆ ಕೆಟ್ಟಿತು ಎಂದು ಅವರು ಹೇಳಿದರೆ, ಸಹಿಗೆ ಮುಂಚಿನ ಈ ಪುಟಗಳೇ ಸಾಕ್ಷಿ. ಸಂಬಳದ ಚೀಟಿ, ಕಾಂಟ್ರ್ಯಾಕ್ಟ್, ಓಟಿ ಲೆಕ್ಕದ ಫೋಟೊಗಳು ನಿಮ್ಮ ಸ್ವಂತ ಫೋನಿನಲ್ಲಿರಲಿ. ಕೆಲಸದ ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಕಂಪನಿಯ ವೈಫೈನಲ್ಲಿ ಯೂನಿಯನ್ ಮಾತು ಬೇಡ. ಕೆಲಸದ ವೇಳೆಯಲ್ಲಿ ಫಾರಂ ಹಂಚಬೇಡಿ, ಕ್ರಮ ಜರುಗಿಸಲು ಸುಲಭವಾಗಿ ಸಿಗುವ ನೆಪ ಅದು. ವಿಚಾರಣೆಗೆ ಕರೆದರೆ ‘ನನ್ನ ಜೊತೆ ಪ್ರತಿನಿಧಿ ಇರಬೇಕು’ ಎಂದು ಬಾಯಿಬಿಟ್ಟು ಕೇಳಿ. ಬ್ರಿಟನ್ನಿನಲ್ಲಿ 1999ರ ಕಾನೂನು ಈ ಹಕ್ಕು ಕೊಟ್ಟಿದೆ, ಅಮೆರಿಕದಲ್ಲಿ ಯೂನಿಯನ್ ಇರುವ ಕಡೆ 1975ರ ಸುಪ್ರೀಂ ಕೋರ್ಟ್ ತೀರ್ಪು. ಎರಡೂ ಕಡೆ ಕೇಳಿದವರಿಗಷ್ಟೇ ಸಿಗುವ ಹಕ್ಕು ಅದು. ಸಾಧ್ಯವಾದರೆ, ಕಾಂಟ್ರ್ಯಾಕ್ಟ್ ಮುಂದುವರಿದ ನಂತರದ ವಾರಗಳಲ್ಲಿ ಸಹಿ ಹಾಕಿ. ಮುಂದಿನ ನವೀಕರಣಕ್ಕೆ ಸುಮಾರು ಆರು ತಿಂಗಳು ಸಿಗುತ್ತದೆ. ಅಷ್ಟರೊಳಗೆ ಎರಡು ತಿಂಗಳ ಮನೆಖರ್ಚಿನಷ್ಟಾದರೂ ಕೂಡಿಡಲು ನೋಡಿ.

ಕೊನೆಯದು ಅಣ್ಣನ ಮಾತು. ದ್ರೋಹ ಎನ್ನುವ ಪದವನ್ನು ದಯವಿಟ್ಟು ಮನಸ್ಸಿನಿಂದ ತೆಗೆದುಹಾಕಿ. ಅವರು ಕೆಲಸ ಕೊಡಿಸಿದರು, ಆ ಋಣ ನಿಜ. ಮೂರು ವರ್ಷ ಒಂದು ದೂರೂ ಬರದಂತೆ ದುಡಿದಿದ್ದರೆ ಅವರ ಮಾತಿನ ಮರ್ಯಾದೆಯನ್ನು ನೀವು ಉಳಿಸಿದ್ದೀರಿ. ಆದರೆ ಸಹಿ ಹಾಕುವ ಮುನ್ನ ಅವರಿಗೆ ಹೇಳಬೇಡಿ. ನಿಮಗಿಂತ ಅವರ ಒಳಿತಿಗಾಗಿಯೇ ಈ ಮಾತು. ಸೂಪರ್‌ವೈಸರ್ ಆದವರನ್ನು ಆಡಳಿತದ ಕಡೆಯವರೆಂದೇ ಎಣಿಸುತ್ತಾರೆ. ಯಾರು ಸಹಿ ಹಾಕಿದರು ಎಂದು ಮೇಲಿನವರು ಕೇಳಿದಾಗ, ಗೊತ್ತಿದ್ದರೆ ಅವರು ಸುಳ್ಳು ಹೇಳಬೇಕಾಗುತ್ತದೆ ಅಥವಾ ನಿಮ್ಮ ಹೆಸರು ಕೊಡಬೇಕಾಗುತ್ತದೆ. ಗೊತ್ತಿಲ್ಲದಿದ್ದರೆ ಎರಡೂ ತಪ್ಪುತ್ತದೆ. ಸದ್ಯಕ್ಕೆ ಮನೆಯಲ್ಲಿ ಇಷ್ಟು ಹೇಳಿ: ‘ಅಣ್ಣಾ, ಯೂನಿಯನ್ ವಿಷಯ ನಿನ್ನ ಹತ್ತಿರ ನಾನು ಮಾತಾಡಲ್ಲ, ನೀನೂ ಕೇಳಬೇಡ. ಇಬ್ಬರಿಗೂ ಒಳ್ಳೇದು.’ ಸಂಖ್ಯೆ ಸೇರಿ ವಿಷಯ ಬಯಲಾಗುವ ಹಿಂದಿನ ದಿನ, ಬೇರೆಯವರ ಬಾಯಿಂದ ಕೇಳುವ ಮೊದಲು, ನೀವೇ ಅವರ ಮನೆಗೆ ಹೋಗಿ ಹೇಳಿ. ಹೋಗುವಾಗ ಆ 38, 30, 26 ಸೆಕೆಂಡುಗಳ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ದಿನವೂ ಆ ಟಾರ್ಗೆಟ್ ಓದಿ ಹೇಳುವವರು ಅವರು. ಅದು ನಿಮ್ಮ ಸೊಂಟಕ್ಕೆ ಏನು ಮಾಡುತ್ತಿದೆ ಎಂದು ಅವರಿಗೆ ಬಹುಶಃ ಯಾರೂ ಲೆಕ್ಕ ಹಾಕಿ ತೋರಿಸಿಲ್ಲ.