ರ‍್ಯಾಂಪ್ ಬಂತು, ಪುಸ್ತಕ ಎಲ್ಲಿ?

ಪ್ರಿಯ ಓದುಗರೇ,

ದೃಷ್ಟಿ ಹೋದ ತಂದೆಯವರ ಕೈ ಹಿಡಿದು ಊರಿನ ಗ್ರಂಥಾಲಯಕ್ಕೆ ಹೋದಿರಿ. ಬಾಗಿಲಲ್ಲಿ ಹೊಸ ರ‍್ಯಾಂಪ್ ಇತ್ತು, ಒಳಗೆ ಅವರಿಗಾಗುವ ಒಂದು ಪುಸ್ತಕವೂ ಇರಲಿಲ್ಲ. ಪ್ರತಿ ಗ್ರಂಥಾಲಯದಲ್ಲೂ ಬ್ರೈಲ್ ಕಪಾಟು ಇರಲಿ ಎಂದು ನಾವು ಬರೆಯಬೇಕು ಅಂತ ಕೇಳಿದ್ದೀರಿ.

ಬರೆಯುತ್ತೇವೆ. ಆದರೆ ಆ ಕಪಾಟಿನಿಂದ ನಿಮ್ಮ ತಂದೆಯವರಿಗೆ ಜಾಸ್ತಿ ಉಪಯೋಗ ಆಗಲಿಕ್ಕಿಲ್ಲ. ಎಪ್ಪತ್ತರ ಹತ್ತಿರ ಬಂದ ಬೆರಳಿಗೆ ಆರು ಚುಕ್ಕಿಗಳ ಲಿಪಿ ಒಗ್ಗುವುದು ಕಷ್ಟ. ಸಕ್ಕರೆ ಕಾಯಿಲೆ ಇದ್ದರಂತೂ ಬೆರಳ ತುದಿಯೇ ಜೋಮು ಹಿಡಿದಿರಬಹುದು. ಶಾಲೆಗೆ ಹೋಗುವ ಮಕ್ಕಳ ಮಾತು ಬೇರೆ. ಅವರಿಗೆ ಬ್ರೈಲ್ ಬೇಕೇ ಬೇಕು. ಬರೀ ಕೇಳಿದರೆ ಕಾಗುಣಿತ ಬರುವುದಿಲ್ಲ. ನಿಮ್ಮ ತಂದೆಯವರಿಗೆ ಬೇಕಾದದ್ದು ಓದಿ ಹೇಳುವ ದನಿ.

ಕಾನೂನು ಇದಕ್ಕೆ ಅಡ್ಡ ಬರುವುದಿಲ್ಲ. 2012ರಲ್ಲೇ ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಆಯಿತು. ಅಂಗವಿಕಲರಿಗಾಗಿ ಲಾಭ ನೋಡದೆ ದುಡಿಯುವ ಸಂಸ್ಥೆಗಳು ಲೇಖಕರ ಅನುಮತಿಗೆ ಕಾಯದೆ ಪುಸ್ತಕವನ್ನು ಆಡಿಯೊ ಅಥವಾ ಬ್ರೈಲ್ ರೂಪಕ್ಕೆ ತರಬಹುದು. ದೇಶಗಳ ನಡುವೆ ಇಂಥ ಪುಸ್ತಕ ಹಂಚಿಕೊಳ್ಳುವ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ್ದೂ ಭಾರತವೇ. 2016ರಲ್ಲಿ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯ ಶುರುವಾಯಿತು. ಮುದ್ರಿತ ಪುಟ ಓದಲಾಗದವರು ಅದರ ಸದಸ್ಯರಾಗಬಹುದು. ನಿಮ್ಮ ಊರಿನ ಗ್ರಂಥಪಾಲಕರು ಇಷ್ಟು ಹೇಳಿ ಕಳಿಸಿದ್ದರೂ ಸಾಕಿತ್ತು, ಅಲ್ವಾ?

ನಿಜವಾದ ತೊಡಕು ಇರುವುದು ಫಾಂಟಿನಲ್ಲಿ. ಯೂನಿಕೋಡ್ ಅಂದರೆ ಕನ್ನಡದ ಅಕ್ಷರವನ್ನು ಕನ್ನಡವೆಂದೇ ಕಂಪ್ಯೂಟರಿಗೆ ತಿಳಿಸುವ ಸಂಕೇತ ಪದ್ಧತಿ. ಕನ್ನಡದ ಎಷ್ಟೋ ಪುಸ್ತಕಗಳು ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಟೈಪಾಗಿವೆ. ನಮ್ಮ ಕಣ್ಣಿಗೆ ಅದು ಚಂದದ ಕನ್ನಡ. ಕಂಪ್ಯೂಟರಿನ ಲೆಕ್ಕದಲ್ಲಿ ಮಾತ್ರ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಎನ್‌ವಿಡಿಎಯಂಥ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿರುವುದನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶ, ಅದನ್ನೇ ಓದುತ್ತದೆ, ಕೇಳುವವರಿಗೆ ತಲೆಬುಡ ತಿಳಿಯುವುದಿಲ್ಲ. ಪುಟಗಳನ್ನು ಸುಮ್ನೆ ಸ್ಕ್ಯಾನ್ ಮಾಡಿ ಹಾಕಿದ ಪಿಡಿಎಫ್ ಆದರೆ ಅಷ್ಟೂ ಇಲ್ಲ. ಯಂತ್ರಕ್ಕೆ ಅದು ಬರೀ ಚಿತ್ರ.

ನಾಚಿಕೆಯಿಂದಲೇ ಹೇಳುತ್ತೇನೆ, ನಮ್ಮ ಪತ್ರಿಕೆಯ ಪುಟಗಳೂ ಹಳೆಯ ಫಾಂಟಿನಲ್ಲೇ ಸಿದ್ಧವಾಗುತ್ತಿವೆ. ನಿಮ್ಮ ಪತ್ರ ಬರುವವರೆಗೆ ಕಚೇರಿಯಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ, ನನಗೂ.

ಈ ತಿಂಗಳ ಲೇಖನಗಳನ್ನು ಯೂನಿಕೋಡಿಗೆ ಬದಲಿಸಿ ನಿಮಗೆ ಕಳಿಸುತ್ತಿದ್ದೇವೆ. ಒತ್ತಕ್ಷರಗಳು ಅಲ್ಲಲ್ಲಿ ಕೆಟ್ಟಿರಬಹುದು. ದನಿ ಎಲ್ಲೆಲ್ಲಿ ತೊದಲಿತು ಎಂದು ತಂದೆಯವರನ್ನು ಕೇಳಿ ನಮಗೆ ಬರೆಯಿರಿ.

– ಸಂಪಾದಕ