ಹಸು ಗಬ್ಬ ನಿಲ್ಲೋದರಲ್ಲಿ ವಂಶದ ಪಾಲು ಎಷ್ಟು?

ಮೂರು ಸಲ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸಿದರೂ ನಿಮ್ಮ ಹಸು ಗಬ್ಬ ನಿಂತಿಲ್ಲ, ಹೊರದೇಶದಲ್ಲಿ ಮಾಂಸದ ದನಗಳ ಮೇಲೆ ನಡೆಯುವ ಜೀನ್ ಸಂಶೋಧನೆಯಿಂದ ನಮಗೇನಾದರೂ ಉಪಯೋಗ ಇದೆಯೇ ಅಂತ ಕೇಳಿದ್ದೀರಿ. ಇದೆ. ಆದರೆ ಅದು ಸಿಗೋದು ಮುಂದೆ ಹುಟ್ಟುವ ಕಡಸಿಗೆ. ಈ ಹಸುವಿನ ಗರ್ಭಕೋಶವನ್ನು ಮೊದಲು ಡಾಕ್ಟರ ಹತ್ತಿರ ನೋಡಿಸಿ, ಖನಿಜ ಮಿಶ್ರಣ ಕೊಡಿ. ಬೆಳಿಗ್ಗೆ ಬೆದೆ ಕಂಡರೆ ಸಂಜೆಗೆ ಇಂಜೆಕ್ಷನ್ ಆಗಲಿ.

ಗಬ್ಬ ನಿಂತಿತೋ ಇಲ್ಲವೋ ಅಂತ ಮಾತ್ರ ನೋಡಿದರೆ ಹಸು ಹಸುವಿನ ನಡುವಿನ ವ್ಯತ್ಯಾಸದಲ್ಲಿ ವಂಶದ ಪಾಲು ಸಾಮಾನ್ಯವಾಗಿ ನೂರಕ್ಕೆ 10ಕ್ಕಿಂತ ಕಡಿಮೆ. ಆಸ್ಟ್ರೇಲಿಯಾದ ಉತ್ತರ ಭಾಗದವರು ಬೇರೆ ದಾರಿ ಹಿಡಿದರು. ಬ್ರಾಹ್ಮನ್ ಎಂಬ ಮಾಂಸದ ತಳಿಯ ಕಡಸುಗಳ ಅಂಡಾಶಯವನ್ನು ಮತ್ತೆ ಮತ್ತೆ ಸ್ಕ್ಯಾನ್ ಮಾಡಿ, ಮೊದಲ ಬೆದೆಯ ವಯಸ್ಸು ಎಷ್ಟು, ಚೊಚ್ಚಲ ಕರು ಹಾಲು ಕುಡಿಯುತ್ತಿರುವಾಗ ಮತ್ತೆ ಬೆದೆಗೆ ಬರಲು ಎಷ್ಟು ದಿನ ಹಿಡಿಯಿತು ಅಂತ ಅಳೆದರು. ಇವೆರಡರಲ್ಲೂ ವಂಶದ ಪಾಲು ಸುಮಾರು ಅರ್ಧದಷ್ಟು! ಆ ಬ್ರಾಹ್ಮನ್ ತಳಿಯ ಮೂಲವೂ ನಮ್ಮ ಗಿರ್, ಒಂಗೋಲ್, ಕಾಂಕ್ರೇಜ್, ಕೃಷ್ಣಾ ಕಣಿವೆಯ ದನಗಳೇ. ಈಗ ಬಾಲದ ಕೂದಲ ಬುಡದಿಂದ ಡಿಎನ್‌ಎ ತೆಗೆದು, ಮುಂದೆ ಎಷ್ಟು ಬೇಗ ಬೆದೆಗೆ ಬರಬಹುದು ಅಂತ ಕರುವಿನಲ್ಲೇ ಅಂದಾಜು ಕಟ್ಟುತ್ತಾರೆ. ಆ ಅಂದಾಜು ನಿಂತಿರೋದು ಸಾವಿರಾರು ಹಸುಗಳ ತಾರೀಕುಗಳ ಮೇಲೆ.

ತಾರೀಕು ಬರೆಯೋದು ನಮ್ಮ ಕೈಲೂ ಆಗುತ್ತದೆ. ಶಿರಸಿ ಕಡೆಯ ನಮ್ಮನೆ ಕೊಟ್ಟಿಗೆಯ ಕಂಬಕ್ಕೆ ಒಂದು ಕ್ಯಾಲೆಂಡರ್ ಇದೆ. ಬೆಳಗಿನ ಜಾವ ಹಾಲು ಕರೆಯಲು ಹೋದಾಗ ಬಾಲದ ಬುಡದಲ್ಲಿ ಗಾಜಿನ ಎಳೆಯಂಥ ಲೋಳೆ ಜೋತಾಡುತ್ತಿದ್ದರೆ ಅಮ್ಮ ಅವತ್ತಿನ ಮನೆಯಲ್ಲಿ ‘ಬೆ’ ಅಂತ ಬರೆಯುತ್ತಾಳೆ, ಜೊತೆಗೆ ಹಸುವಿನ ಹೆಸರು. ಹನ್ನೊಂದು ವರ್ಷದ ಹಾಳೆಗಳನ್ನು ಒಮ್ಮೆ ನೆಲದ ಮೇಲೆ ಹರಡಿ ನೋಡಿದೆವು. ಮಲೆನಾಡು ಗಿಡ್ಡದ ಗೌರಿ, ಅವಳ ಮಗಳು, ಮೊಮ್ಮಗಳು ಕರು ಹಾಕಿದ ಎರಡೂವರೆ ತಿಂಗಳೊಳಗೆ ಬೆದೆಗೆ ಬಂದಿದ್ದರು. ಅದೇ ಬೆಟ್ಟದ ಮೇವು, ಅದೇ ಅಕ್ಕಚ್ಚು ಉಂಡ ಕಪಿಲೆಯ ಸಾಲಿಗೆ ಐದಾರು ತಿಂಗಳು. ಎರಡು ಸಾಲು ನೋಡಿ ವಿಜ್ಞಾನ ಹೇಳಲಾಗದು, ಆದರೂ ಈಗ ನಾವು ಸಾಕಲು ಉಳಿಸಿಕೊಳ್ಳೋದು ಗೌರಿಯ ಹೆಣ್ಣುಗರುಗಳನ್ನೇ.

ನಿಮ್ಮದು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಯಾಗಿದ್ದರೆ ಇನ್ನೊಂದು ಮಾತು. 1962ರಲ್ಲಿ ಹುಟ್ಟಿದ ಚೀಫ್ ಎಂಬ ಅಮೆರಿಕದ ಹೆಸರಾಂತ ಹೋರಿಯ ಎಪಿಎಎಫ್1 ಜೀನಿನ ಒಂದು ಪ್ರತಿ ಕೆಟ್ಟಿತ್ತು. ಅದರ ಸಂತತಿಯಲ್ಲಿ ಅಪ್ಪ ಅಮ್ಮ ಇಬ್ಬರಿಂದಲೂ ಆ ಕೆಟ್ಟ ಪ್ರತಿ ಬಂದರೆ ಭ್ರೂಣ ಹೊಟ್ಟೆಯಲ್ಲೇ ಸಾಯುತ್ತದೆ. ನೋಡುವವರಿಗೆ ಹಸು ಗಬ್ಬ ನಿಲ್ಲಲಿಲ್ಲ ಅಂತಲೇ ಕಾಣೋದು. ಹಾಗಾಗಿ ಪ್ರತಿ ಸಲ ವೀರ್ಯ ತುಂಬಿದ ಸ್ಟ್ರಾ ಮೇಲಿನ ಹೋರಿ ನಂಬರ್ ಬರೆದಿಟ್ಟುಕೊಳ್ಳಿ, ಅದಕ್ಕೆ ಹುಟ್ಟಿದ ಕಡಸಿಗೆ ಅದೇ ಹೋರಿಯದ್ದು ಬೇಡ ಅಂತ ಇಂಜೆಕ್ಷನ್ ಕೊಡುವವರಿಗೆ ಮೊದಲೇ ಹೇಳಿ.