ಅವರು ಒಪ್ಪದಿದ್ದರೆ ಮೊದಲು ನೀವು ಹೋಗಿ

ಪ್ರಶ್ನೆ: ಯಜಮಾನರು ಕಾರ್ಗಿಲ್ ಯುದ್ಧದಲ್ಲಿದ್ದವರು. ನಿವೃತ್ತಿಯ ನಂತರ ಅಡಿಕೆ ತೋಟ ನೋಡಿಕೊಳ್ಳುತ್ತಿದ್ದಾರೆ. ರಾತ್ರಿ ಬೆಚ್ಚಿ ಎದ್ದು ಬಾಗಿಲ ಅಗುಳಿ ನೋಡಿ ಬರುತ್ತಾರೆ. ಮಂಗ ಓಡಿಸಲು ಪಕ್ಕದ ತೋಟದವರು ಗರ್ನಾಲು ಹಚ್ಚಿದ ದಿನ ಮಗನ ಮೇಲೆ ಹರಿಹಾಯುತ್ತಾರೆ. ಕುಡಿತವೂ ಹೆಚ್ಚಿದೆ. ವೈದ್ಯರೆಂದರೆ ‘ನನಗೇನು ಹುಚ್ಚೇ?’ ಎನ್ನುತ್ತಾರೆ. ಹೊರಗೆ ಗೊತ್ತಾದರೆ ಮರ್ಯಾದೆ, ಪಿಂಚಣಿ ಎರಡೂ ಹೋದೀತೆಂಬ ಭಯ. ನನಗೂ ನಿದ್ದೆಯಿಲ್ಲ.
– ಓದುಗರು, ಹೊಸನಗರ ತಾಲ್ಲೂಕು

ಉತ್ತರ: ನಿವೃತ್ತರು ಮನೋವೈದ್ಯರನ್ನು ಕಂಡರೆಂದು ಪಿಂಚಣಿ ನಿಲ್ಲುವುದಿಲ್ಲ, ಆ ಭಯ ಬಿಡಿ. ಮಾಜಿ ಸೈನಿಕರಿಗಾಗಿ 2003ರಲ್ಲಿ ಆರಂಭವಾದ ಇಸಿಎಚ್‌ಎಸ್ ಆರೋಗ್ಯ ಯೋಜನೆಯಲ್ಲಿ ಪತ್ನಿಗೂ ಚಿಕಿತ್ಸೆಯುಂಟು. ಇನ್ನು ಮರ್ಯಾದೆ. ಆಗಸ್ಟ್ 15ಕ್ಕೆ ಶಾಲು ಹೊದಿಸಿ ಮನೆಗೆ ಕಳಿಸುವ ಊರು ನಿಮ್ಮ ರಾತ್ರಿಗಳನ್ನು ಕಾಯಲು ಬರುವುದಿಲ್ಲ. ಅದರ ಮಾತಿಗೆ ಅಷ್ಟು ಬೆಲೆ ಕೊಡಬೇಡಿ.

ಪತ್ರ ಓದಿ ಕಾಯಿಲೆಯ ಹೆಸರು ಹೇಳಲಾರೆ. ಆದರೆ ಯುದ್ಧದ ಆಘಾತ ಎಷ್ಟೋ ವರ್ಷಗಳ ನಂತರ, ಕೆಲಸ ಮತ್ತು ಜೊತೆಗಾರರು ದೂರವಾದ ಮೇಲೆ ತಲೆಯೆತ್ತುವುದುಂಟು. ಮಾತಿನ ಚಿಕಿತ್ಸೆ, ಔಷಧಿಗಳಿಂದ ಹತೋಟಿಗೆ ಬರುತ್ತದೆ. ‘ಹುಚ್ಚು’ ಎಂಬ ಜಗಳಕ್ಕೆ ಇಳಿಯದೆ, ಬೆಳಗಿನ ಹೊತ್ತು ಕಾಫಿ ಕೊಡುವಾಗ ‘ನಿದ್ದೆಗೊಂದು ಔಷಧಿ ಕೇಳೋಣ’ ಎಂದು ನೋಡಿ. ಕುಡಿತವನ್ನು ಮಾತ್ರ ಏಕಾಏಕಿ ಬಿಡಿಸಲು ಹೋಗಬೇಡಿ. ದಿನವೂ ಕುಡಿಯುವವರಿಗೆ ಅದು ಪ್ರಾಣಾಪಾಯ ತರಬಹುದು, ವೈದ್ಯರ ಕಣ್ಗಾವಲಿನಲ್ಲೇ ಆಗಬೇಕು.

ಅವರು ಒಪ್ಪುವವರೆಗೆ ಕಾಯುತ್ತಾ ಕೂರುವುದೇಕೆ? ನಿದ್ದೆಗೆಟ್ಟವರು ನೀವೂ ಹೌದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯರಲ್ಲಿ ನಿಮ್ಮ ಹೆಸರಿನಲ್ಲೇ ಚೀಟಿ ಮಾಡಿಸಿ. ಅಷ್ಟು ದೂರ ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತನಾಡುತ್ತಾರೆ.

ಅವರು ಬೆಚ್ಚಿ ಎದ್ದಾಗ ಮೈಮುಟ್ಟಿ ಅಲುಗಾಡಿಸಬೇಡಿ. ದೂರದಿಂದಲೇ ದೀಪ ಹಾಕಿ, ‘ರೀ, ನಾನು. ಮನೆಯಲ್ಲಿದ್ದೀರಿ’ ಎನ್ನಿ. ಗರ್ನಾಲು ಹಚ್ಚುವ ಮೊದಲು ಫೋನ್ ಮಾಡುವಂತೆ ಪಕ್ಕದವರಿಗೆ ತಿಳಿಸಿ. ಅಪ್ಪನ ಸಿಟ್ಟಿಗೆ ತಾನು ಕಾರಣನಲ್ಲವೆಂದು ಮಗನಿಗೆ ಬಿಡಿಸಿ ಹೇಳಿ, ಅವನು ಒಳಗೊಳಗೇ ಲೆಕ್ಕ ಹಾಕುತ್ತಿರುತ್ತಾನೆ.

ನೀವು ಬರೆಯದ ಒಂದು ಸಂಗತಿ ನನ್ನನ್ನು ಕಾಡುತ್ತಿದೆ: ಮನೆಯಲ್ಲಿ ತೋಟದ ಕೋವಿ ಇದೆಯೇ? ಇದ್ದರೆ, ಚುನಾವಣೆ ಬಂದಾಗ ಒಪ್ಪಿಸುವಂತೆ ಈಗಲೂ ಠಾಣೆಯಲ್ಲಿ ಇರಿಸುವಂತೆ ಅವರ ಅಣ್ಣನಿಂದಲೋ ಹಳೆಯ ಸೇನಾ ಗೆಳೆಯರಿಂದಲೋ ಹೇಳಿಸಿ. ಅವರು ಸಾಯುವ ಮಾತಾಡಿದರೆ ಅಥವಾ ಕೈ ಮಾಡಿದರೆ ಮಗನೊಂದಿಗೆ ಪಕ್ಕದ ಮನೆಗೆ ಹೋಗಿ, ಅಲ್ಲಿಂದ 112ಕ್ಕೆ ಕರೆ ಮಾಡಿ.